ಒಂದು ಉದ್ಧರಣೆ ನೀರು

ರಾಮದುರ್ಗ
೨೭ ಅಕ್ಟೋಬರ್ ೨೦೨೫

ಸೌ. ಶರ್ವರಿಗೆ ಹರಿಪ್ರಿಯಾಳ ಆಶೀರ್ವಾದ.

ಕೈಯಲ್ಲಿ ಫೋನ್ ಇದ್ದೂ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗಬಹುದು. ನಗು, ಅಡ್ಡಿಯಿಲ್ಲ. ಫೋನಿನಲ್ಲಿ ನಿನ್ನ ಗಂಡ, ಅಂದರೆ ನನ್ನ ತಮ್ಮ ಸಮೀರ, "ಹೂಂ", "ನೋಡೋಣ", "ಬಸ್ ಬಂತು, ಇಡ್ತೀನಿ" ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದು ಆಡುವುದಿಲ್ಲ. ನೀನಾದರೋ ಇವತ್ತು ಆಡಿದ್ದನ್ನು ನಾಳೆ "ನಾ ಹಂಗ ಅಂದಿಲ್ಲ ಅಕ್ಕಾ" ಅನ್ನುತ್ತೀ. ಕಾಗದದಲ್ಲಿ ಆ ಅನುಕೂಲ ಇಲ್ಲ.

ದೀಪಾವಳಿಗೆ ತಮ್ಮನಿಗೆ ಆರತಿ ಎತ್ತಲು ಬೈಲಹೊಂಗಲಕ್ಕೆ ಬಂದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ, ಕಣ್ಣು ಮುಚ್ಚಿಕೊಂಡಿರಲಿಲ್ಲ. ಅವ್ವ ಹೋಗಿ ಒಂಬತ್ತು ವರ್ಷ. ಅಂದಿನಿಂದ ಪಡಸಾಲೆಯಲ್ಲಿ ಮಾಲೆ ಹಾಕಿಕೊಂಡು ಕೂತಿದ್ದ ಅವಳ ಫೋಟೋ ಇಲ್ಲ, ಮೊಳೆ ಮಾತ್ರ ಇದೆ. ಟ್ರಂಕಿನಲ್ಲಿದ್ದ ಅವಳ ಇಳಕಲ್ ಸೀರೆಗಳಲ್ಲಿ ಒಂದೂ ಇಲ್ಲ. ಸಮೀರನ ಹಣೆಗೆ ಪಟ್ಟಿ. ಅಪ್ಪ ಪಡಸಾಲೆಯಲ್ಲಿ ಒಬ್ಬರೇ, ನೀನು ನಿನ್ನ ಹೊಲಿಗೆ ಯಂತ್ರದ ಜೊತೆ ಒಳಕೋಣೆಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ. ಹಾಡುಹಗಲು ಮಾವನಿಗೆ ಹೆದರಿ ಚಿಲಕ ಹಾಕಿಕೊಳ್ಳುವ ಸೊಸೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ಪಕ್ಕದ ಮನೆಯ ಮಹಾನಂದಾ ಹೇಳಿದಳು: "ಆಚಾರ್ರು ತೊಯ್ದ ಧೋತ್ರದಾಗ ಅಂಗಳದಾಗ ನಡಗಕೋತ ನಿಂತಿದ್ರು, ಒಂದಲ್ಲ, ನಾಕ ಸಲ ನೋಡೇನಿ."

ಇದೆಲ್ಲ ಒತ್ತಟ್ಟಿಗಿರಲಿ. ದಸರೆಗೆ ಮೊದಲೇ ನೀವಿಬ್ಬರೂ ಕಿತ್ತೂರಿಗೆ ಹೋಗಿ, ಮರೆವಿನ ರೋಗದ ಮುದುಕರನ್ನು ಇಟ್ಟುಕೊಳ್ಳುವ ಆಶ್ರಮ ನೋಡಿ ಬಂದಿರಿ. ಮಕ್ಕಳೆಲ್ಲರ ಸಹಿ ಬೇಕು ಎಂದು ಅವರು ಹೇಳಿದ ಮೇಲೆ ತಾನೇ ಅಕ್ಕ ಒಬ್ಬಳಿದ್ದಾಳೆ ಎಂಬುದು ನಿಮಗೆ ನೆನಪಾದದ್ದು? ಮುನವಳ್ಳಿಯ ರಘೋತ್ತಮಾಚಾರ್ಯರು ಅಂದರೆ ಸವದತ್ತಿ ತಾಲೂಕಿನಲ್ಲಿ ಅವರಿಲ್ಲದೆ ಮುಂಜಿವಿ ಆಗುತ್ತಿರಲಿಲ್ಲ, ಗೃಹಶಾಂತಿ ಆಗುತ್ತಿರಲಿಲ್ಲ. ಕಂಡವರ ಮನೆಯ ನೀರು ಮುಟ್ಟದ ಮನುಷ್ಯ. ಅಂಥವರನ್ನು ಯಾರೋ ಆಯಾಗಳ ಕೈಗೆ ಕೊಡುವುದಕ್ಕೆ ನನ್ನ ಸಹಿಯೇ?

ಆ ಫಾರ್ಮು ನನ್ನ ಮೇಜಿನ ಮೇಲಿದೆ. ಅದರ ಮೇಲೆ ದಿನಾ ಚಹಾದ ಬಟ್ಟಲು ಇಡುತ್ತೇನೆ. ಉತ್ತರ ಬರೆ.

ಹರಿಪ್ರಿಯಾ


ಬೈಲಹೊಂಗಲ
೩ ನವೆಂಬರ್ ೨೦೨೫

ಹರಿಪ್ರಿಯಾ ಅಕ್ಕನವರಿಗೆ ಶರ್ವರಿಯ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಕಾಗದ ಎರಡು ಸಲ ಓದಿದೆ. ಮೂರನೆಯ ಸಲ ಓದುವ ಧೈರ್ಯ ಆಗಲಿಲ್ಲ.

ಅತ್ತೆಯವರ ಫೋಟೋದ ಗಾಜು ಸೀಳಿತ್ತು, ಕಟ್ಟು ಹಾಕಿಸಲು ಕೊಟ್ಟಿದ್ದೇವೆ. ಸೀರೆಗಳಿಗೆ ನುಸಿ ಹತ್ತಿತ್ತು, ಹಿತ್ತಲು ಕಸ ಹೊಡೆಯಲು ಬರುವ ಬೀರವ್ವನಿಗೆ ಕೊಟ್ಟೆ. ಇವರ ಹಣೆಗೆ ಬಸ್ ಡಿಪೋದಲ್ಲಿ ಕೆಲಸ ಮಾಡುವಾಗ ನಟ್ಟು ಬಿಚ್ಚುವ ಪಾನಾ ಜಾರಿ ಬಡಿಯಿತು. ಮಾವನವರು ತಾವೇ ನೀರು ಸೇದಿ ಸ್ನಾನ ಮಾಡುತ್ತೇನೆಂದು ಹಟ ಮಾಡುತ್ತಾರೆ, ಅದಕ್ಕೇ ಧೋತ್ರ ತೊಯ್ದಿರುತ್ತದೆ. ಕೋಣೆಯ ಬಾಗಿಲಿನ ಚಿಲಕ ಸಡಿಲಾಗಿದೆ, ಗಾಳಿಗೆ ತಾನೇ ಬೀಳುತ್ತದೆ.

~~ಮಾವನವರು ನನ್ನ~~

ಮೇಲೆ ಒಂದು ಸಾಲು ಹೊಡೆದು ಹಾಕಿದ್ದೇನೆ, ತಪ್ಪು ಬರೆದಿದ್ದೆ.

ಬೆಳಗಾವಿಯ ಡಾಕ್ಟರು ತಲೆಯ ಫೋಟೋ ತೆಗೆಸಿ ನೋಡಿ, ಇದು ಹೆಚ್ಚಾಗುತ್ತಲೇ ಹೋಗುವ ಮರೆವು, ಇವರಿಗೆ ತಿಳಿದವರ ಆರೈಕೆ ಬೇಕು ಎಂದರು. ಅದಕ್ಕೇ ಕಿತ್ತೂರು. ಬೇರೆ ಕಾರಣ ಏನೂ ಇಲ್ಲ. ದಯವಿಟ್ಟು ಸಹಿ ಮಾಡಿ ಕಳಿಸಿ. ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ನಂಬಿದ್ದೇನೆ.

ನಿಮ್ಮ
ಶರ್ವರಿ


ರಾಮದುರ್ಗ
೮ ನವೆಂಬರ್ ೨೦೨೫

ಶರ್ವರಿಗೆ,

ಗಾಳಿಗೆ ಒಳಗಿನ ಚಿಲಕ ತಾನೇ ಬೀಳುತ್ತದೆಯೇ! ನಿಮ್ಮ ಬೈಲಹೊಂಗಲದ ಗಾಳಿಗೆ ಕೈಯೂ ಇದೆ ಅಂತ ಆಯಿತು.

ನಾನು ಸಾಲಿ ಮಾಸ್ತರಣಿ. ಮಕ್ಕಳು ಬರೆದದ್ದಕ್ಕಿಂತ ಹೊಡೆದು ಹಾಕಿದ್ದನ್ನು ಮೊದಲು ಓದುವುದು ನನ್ನ ಅಭ್ಯಾಸ. ನಿನ್ನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. "ಮಾವನವರು ನನ್ನ" ಎಂಬಷ್ಟು ಕಂಡಿತು. ಮುಂದೇನು? ನನ್ನ ಮೇಲೆ ಸಿಟ್ಟಾಗುತ್ತಾರೆ ಅಂತಲೋ? ನನ್ನ ಅಡಿಗೆಗೆ ಹೆಸರಿಡುತ್ತಾರೆ ಅಂತಲೋ? ಹಿರಿಯರು ಒಂದು ಮಾತು ಅಂದರೆ ಸೊಸೆಯಾದವಳು ಅವರನ್ನು ಮನೆಯಿಂದಲೇ ಕಳಿಸುತ್ತಾಳೆಯೇ?

ನಿನ್ನ ಸುಳ್ಳುಗಳಿಗೆ ಕಾಲಿಲ್ಲ. ನಿನ್ನ ಕಾಗದ ತಂದುಕೊಟ್ಟ ಕಂಡಕ್ಟರ್ ಮಾಂತೇಶನನ್ನು ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಕೇಳಿದೆ. "ಡಿಪೋದಾಗ ಸಮೀರಗ ಏನೂ ಬಡದಿಲ್ರಿ ಬಾಯಾರ. ಮನಿಯಿಂದನ ಪಟ್ಟಿ ಕಟಗೊಂಡ ಬಂದಿದ್ದ, ಕೇಳಿದ್ರ ಮಾರಿ ತಿರುವಿದ" ಅಂದ. ನನ್ನ ತಮ್ಮನ ಹಣೆ ಒಡೆದದ್ದು ಯಾರು? ಆ ಮನೆಯಲ್ಲಿ ಇರುವುದು ಮೂರು ಜನ. ಎಪ್ಪತ್ತೈದು ವರ್ಷದ ಅಪ್ಪ ಒಡೆದಿರಲಾರರು. ಉಳಿದವರು ಯಾರೆಂದು ಲೆಕ್ಕ ಹಾಕಲು ಸಾಲಿ ಕಲಿತಿರಬೇಕಾಗಿಲ್ಲ.

ಇನ್ನು ಅಪ್ಪನ ಮರೆವು. ಮೊನ್ನೆ ಮಹಾನಂದಾ ನಿಮ್ಮ ಮನೆಗೆ ಅಳತೆ ಕೊಡಲು ಬಂದಿದ್ದಳಲ್ಲ, ಆಗ ಅಪ್ಪ ಪೂಜೆಗೆ ಕೂತಿದ್ದರಂತೆ. ಅವರ ದನಿಯನ್ನು ಫೋನಿನಲ್ಲಿ ಹಿಡಿದು ನನಗೆ ಕಳಿಸಿದ್ದಾಳೆ. ಸಂಕಲ್ಪ ಪೂರ್ತಿ ಇದೆ! ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ನದಿಯ ತೀರ, ಯಾರು, ಯಾಕಾಗಿ ಪೂಜೆ ಮಾಡುತ್ತಿದ್ದೇನೆ ಎಂದು ದೇವರ ಮುಂದೆ ಹೇಳಿಕೊಳ್ಳುವ ಅಷ್ಟುದ್ದದ ಸಂಸ್ಕೃತ. ಎಲ್ಲಿಯೂ ತೊದಲಿಲ್ಲ, ತಡೆದಿಲ್ಲ. ಕೇಳುತ್ತ ಅತ್ತುಬಿಟ್ಟೆ. ಇಷ್ಟು ಹೇಳಬಲ್ಲವರಿಗೆ ಮರೆವಿನ ರೋಗವಂತೆ. ಇಂಥವರಿಗೆ ಆಶ್ರಮವಂತೆ.

ಸಹಿ ಮಾಡುವುದಿಲ್ಲ. ಇನ್ನೊಂದು ಸಲ ಕೇಳಿದರೆ ಮುನವಳ್ಳಿಯ ಹಿರಿಯರನ್ನು ಕರೆದುಕೊಂಡೇ ಬರುತ್ತೇನೆ.

ಹರಿಪ್ರಿಯಾ


ಬೈಲಹೊಂಗಲ
೧೪ ನವೆಂಬರ್ ೨೦೨೫

ಅಕ್ಕನವರಿಗೆ ನಮಸ್ಕಾರ.

ಮಹಾನಂದಾ ಅಳತೆ ಕೊಡುವಾಗ ಸೆರಗಿನೊಳಗೆ ಕೈ ಇಟ್ಟುಕೊಂಡೇ ನಿಂತಿದ್ದಳು. ಕೈ ನೋವೇನೋ ಎಂದು ಬಿಸಿನೀರು ಕಾಸಿಕೊಡಲೇ ಎಂದು ಕೇಳಿದೆ. ಒಳಗೆ ಫೋನ್ ಇತ್ತೆಂದು ಈಗ ತಿಳಿಯಿತು. ಆಗಲಿ. ಅವಳ ಕುಪ್ಪಸ ಸರಿಯಾಗಿಯೇ ಹೊಲಿದುಕೊಟ್ಟಿದ್ದೇನೆ.

ನಾನು ನಿಮ್ಮ ತಮ್ಮನಿಗೆ ಹೊಡೆಯುವವಳು ಎಂದು ಬರೆದಿರಿ. ಅದನ್ನು ಓದಿ ಒಲೆಯ ಮೇಲಿನ ಹಾಲು ಉಕ್ಕಿಹೋಗುವವರೆಗೂ ಹಾಗೇ ನಿಂತಿದ್ದೆ. ಈ ಮನೆಗೆ ನಾನು ಬಂದದ್ದು ಅತ್ತೆಯವರು ತೀರಿದ ಮರುವರ್ಷ. ಅವರ ಮುಖ ನೋಡಿದವಳಲ್ಲ, ಅವರ ಕೈಯಿಂದ ಒಂದು ಸಲ ಕುಂಕುಮ ಹಚ್ಚಿಸಿಕೊಂಡವಳಲ್ಲ. ಆದರೂ ಅವರ ಮನೆಯನ್ನು ಎಂಟು ವರ್ಷ ನಡೆಸಿದ್ದೇನೆ. ಅಂಥವಳ ಬಗ್ಗೆ ಕಂಡಕ್ಟರನ ಹತ್ತಿರ, ಪಕ್ಕದ ಮನೆಯವರ ಹತ್ತಿರ ವಿಚಾರಣೆ ನಡೆಸಿದಿರಿ. ನನ್ನನ್ನೇ ಒಂದು ಸಲ ಎದುರು ಕೂರಿಸಿಕೊಂಡು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಆ ಸಂಕಲ್ಪವನ್ನು ಮತ್ತೊಮ್ಮೆ ಕೇಳಿ. ನೀವು ಆಚಾರ್ಯರ ಮಗಳು, ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈಗ ನಡೆದಿರುವುದು ವಿಶ್ವಾವಸು ಸಂವತ್ಸರ. ಅವರು ಹೇಳುವುದು ಯಾವುದು?

ಕೇಳಿದ ಮೇಲೂ ನಂಬಿಕೆ ಬಾರದಿದ್ದರೆ ಅವರನ್ನು ಹದಿನೈದು ದಿನ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಆಮೇಲೂ ಕಿತ್ತೂರು ಬೇಡ ಎಂದರೆ ನಾನು ಆ ಊರಿನ ಹೆಸರನ್ನೇ ಎತ್ತುವುದಿಲ್ಲ.

ಶರ್ವರಿ


ರಾಮದುರ್ಗ
೨೩ ನವೆಂಬರ್ ೨೦೨೫

ಶರ್ವರಿಗೆ,

ಕೇಳಿದೆ. ಒಂಬತ್ತು ದಿನ ನಿನಗೆ ಬರೆಯಲಿಲ್ಲ, ಯಾಕೆಂದರೆ ಒಂಬತ್ತು ದಿನವೂ ಕೇಳಿದೆ. ಅಪ್ಪ ಹೇಳುವುದು "ಬಹುಧಾನ್ಯ ನಾಮ ಸಂವತ್ಸರೇ." ಹಳೆಯ ಪಂಚಾಂಗ ಹುಡುಕಿದೆ. ಇಪ್ಪತ್ತೇಳು ವರ್ಷದ ಹಿಂದಿನದು. ಮಲಾಪಹಾರಿಣೀ ತೀರ ಎನ್ನುತ್ತಾರೆ, ಅಂದರೆ ಮಲಪ್ರಭೆಯ ದಂಡೆ, ನಮ್ಮ ಮುನವಳ್ಳಿ. ಆಗ ನನಗೆ ಹನ್ನೆರಡು, ಸಮೀರನಿಗೆ ಏಳು. ಆ ವರ್ಷ ಅಪ್ಪನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಇವತ್ತು ಕಟಕೋಳದಲ್ಲಿ ಲಗ್ನ, ನಾಳೆ ಸವದತ್ತಿಯಲ್ಲಿ ವಾಸ್ತು.

ಅದನ್ನು ಮೊದಲ ಸಲವೇ ಗುರುತಿಸಲಿಲ್ಲ ಎಂದು ನನಗೆ ನಾಚಿಕೆಯಾಯಿತು, ಒಪ್ಪುತ್ತೇನೆ. ಆದರೆ ಶರ್ವರಿ, ವರ್ಷ ಮರೆತವರನ್ನೆಲ್ಲ ಆಶ್ರಮಕ್ಕೆ ಕಳಿಸಿದರೆ ಊರಿನಲ್ಲಿ ಉಳಿಯುವವರು ಯಾರು? ನೀನು ಇನ್ನೂ ಏನನ್ನೋ ಮುಚ್ಚುತ್ತಿದ್ದೀ. ನಿನ್ನ ಲಕೋಟೆಯ ಅಂಟು ಎರಡು ಸಲ ಹಚ್ಚಿದಂತಿತ್ತು. ಒಂದು ಹಾಳೆ ಇಟ್ಟು, ಮತ್ತೆ ತೆಗೆದೆಯಾ?

ಮೂವತ್ತನೇ ತಾರೀಖು ರವಿವಾರ ಬಂದು ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಹದಿನೈದು ದಿನ ಯಾಕೆ, ಅವರು ಇರುವಷ್ಟು ದಿನ ಇರಲಿ. ನನ್ನ ಯಜಮಾನರೂ ಹೂಂ ಅಂದಿದ್ದಾರೆ. ಬಟ್ಟೆಯ ಜೊತೆಗೆ ಅವ್ವನ ಫೋಟೋ ಕಟ್ಟಿಡು, ಗಾಜು ಸೀಳಿರಲಿ, ಇಲ್ಲದಿರಲಿ.

ಹರಿಪ್ರಿಯಾ


ಬೈಲಹೊಂಗಲ
೨೯ ನವೆಂಬರ್ ೨೦೨೫

ಅಕ್ಕಾ,

ನಾಳೆ ನೀವು ಬಂದಾಗ ಮಾತಾಡಲು ಆಗುವುದಿಲ್ಲ, ಇವರು ಇರುತ್ತಾರೆ. ಇದನ್ನು ಮಾವನವರ ಚೀಲದಲ್ಲಿ ಮೇಲುಗಡೆ ಇಟ್ಟಿರುತ್ತೇನೆ.

ಅನ್ನ ಮೆತ್ತಗಿರಲಿ. ಚಪ್ಪಲಿ ಎಡ ಬಲ ತಪ್ಪುತ್ತದೆ. ಧೋತ್ರದ ಗಂಟು ಬಿಗಿಯಾಗಿ ಕಟ್ಟಲು ನಿಮ್ಮ ಯಜಮಾನರಿಗೆ ಹೇಳಿ. ಆದಷ್ಟು ದಿನ ಪಂಜಾಬಿ ಡ್ರೆಸ್ ಹಾಕಿಕೊಳ್ಳಿ, ಸೀರೆ ಬೇಡ. ಉಟ್ಟರೂ ಹಸಿರು ಬೇಡ. ತಾಮ್ರದ ತಂಬಿಗೆ ಅವರ ಕೈಗೆ ಸಿಗದಂತೆ ಇಡಿ, ಪೂಜೆಗೆ ಸಣ್ಣ ಪಂಚಪಾತ್ರೆ ಮತ್ತು ಉದ್ಧರಣೆ ಚಮಚ ಸಾಕು.

ಫೋಟೋ ಟವೆಲ್ಲಿನಲ್ಲಿ ಸುತ್ತಿದೆ. ಬಿಚ್ಚಬೇಡಿ ಎಂದರೆ ನೀವು ಬಿಚ್ಚಿಯೇ ಬಿಚ್ಚುತ್ತೀರಿ. ಆದ್ದರಿಂದ ಏನೂ ಹೇಳುವುದಿಲ್ಲ.

ಶರ್ವರಿ


ರಾಮದುರ್ಗ
೩ ಡಿಸೆಂಬರ್ ೨೦೨೫

ಶರ್ವರಿಗೆ,

ನಿನ್ನ ಚೀಟಿ ಓದಿ ನಕ್ಕೆ. ಹಸಿರು ಉಡಬೇಡಿ, ತಂಬಿಗೆ ಅಡಗಿಸಿಡಿ! ಮನೆಗೆ ಅಪ್ಪ ಬಂದಿದ್ದಾರೋ, ದೆವ್ವ ಬಂದಿದೆಯೋ?

ಫೋಟೋ ಬಿಚ್ಚಿ ನೋಡಿದೆ. ಗಾಜಿಗೆ ಒಂದು ಗೆರೆಯೂ ಇಲ್ಲ. ಇಷ್ಟು ಸಾಕು, ಹೆಚ್ಚಿಗೆ ಬರೆಯುವುದಿಲ್ಲ.

ಅಪ್ಪ ಆರಾಮ ಇದ್ದಾರೆ. ಎರಡು ಹೊತ್ತು ಊಟ ಮಾಡುತ್ತಾರೆ. ನನ್ನನ್ನು ಹೆಸರಿಟ್ಟು ಕರೆಯಲಿಲ್ಲ, ಆದರೆ ನಗುತ್ತಾರೆ. ಇವತ್ತು ಬೆಳಿಗ್ಗೆ ಪಡಸಾಲೆಯಲ್ಲಿ ಅವ್ವನ ಫೋಟೋ ಹಾಕಿ ಸೇವಂತಿಗೆ ಮಾಲೆ ಏರಿಸಿದೆ. ಅಪ್ಪ ನೋಡಿದರು, ನೆಟ್ಟಗೆ ಬಚ್ಚಲಿಗೆ ಹೋಗಿ ತಣ್ಣೀರು ಹೊಯ್ದುಕೊಂಡು ಬಂದರು. ಹೆಂಡತಿಯ ಫೋಟೋದ ಮುಂದೆ ನಿಲ್ಲಲೂ ಮಡಿ ಬೇಕು ಅವರಿಗೆ! ಇಂಥ ನಿಷ್ಠೆಯನ್ನು ನೀನು ಹುಚ್ಚು ಎಂದು ಬಗೆದೆ.

ಹರಿಪ್ರಿಯಾ


ರಾಮದುರ್ಗ
೧೯ ಡಿಸೆಂಬರ್ ೨೦೨೫

ಶರ್ವರಿ,

ಎಲ್ಲಿಂದ ಶುರು ಮಾಡಲಿ?

ಮಡಿಯಲ್ಲ ಅದು. ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ. ಮಾಲೆ ನೋಡಿದ ಕೂಡಲೇ ಅವ್ವ ಹೋದಳೆಂದು ಅವರಿಗೆ ತಿಳಿಯುತ್ತದೆ, ಅದೇ ಮೊದಲ ಸಲ ಎಂಬಂತೆ. ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡು, ಹನಿ ಸೋರುತ್ತ ಬಂದು ಬಾಗಿಲ ಹೊರಗೆ ಕೂರುತ್ತಾರೆ. "ನನ್ನ ಮುಟ್ಟಬ್ಯಾಡ್ರಿ, ಹತ್ತು ದಿನದ ಸೂತಕ ಅದ" ಎಂದು ಅಳುತ್ತಾರೆ. ತಾಸಿನಲ್ಲಿ ಮರೆತು ಒಳಗೆ ಬರುತ್ತಾರೆ. ಮತ್ತೆ ಫೋಟೋ ಕಾಣುತ್ತದೆ. ಒಂದೇ ದಿನದಲ್ಲಿ ನಮ್ಮ ಮನೆಯಲ್ಲಿ ಅವ್ವ ನಾಲ್ಕು ಸಲ ಸತ್ತಳು. ಸಂಜೆಗೆ ಅಪ್ಪನಿಗೆ ಜ್ವರ. ನಾನೇ ಫೋಟೋ ಇಳಿಸಿ, ನಿನ್ನ ಟವೆಲ್ಲಿನಲ್ಲೇ ಸುತ್ತಿ, ಕಪಾಟಿನಲ್ಲಿಟ್ಟೆ. ಮೊಳೆ ಮಾತ್ರ ಉಳಿದಿದೆ. ಅದನ್ನು ನೋಡಿದಾಗೆಲ್ಲ ನಿನಗೆ ಬರೆದ ಮೊದಲ ಕಾಗದ ನೆನಪಾಗುತ್ತದೆ.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಚೆನ್ನಾಗಿತ್ತು. ನಿನ್ನೆ ಗುರುವಾರ ಎಳ್ಳಮವಾಸ್ಯೆಯ ತಯಾರಿ, ಸೀರೆ ಉಟ್ಟೆ. ಹಸಿರೇ ಉಟ್ಟೆ, ನಿನ್ನ ಮಾತನ್ನು ಮೀರಬೇಕೆಂದೇ. ಅಪ್ಪ ಪೂಜೆಗೆ ಕೂತು ಸಂಕಲ್ಪ ಹೇಳುತ್ತಿದ್ದರು. "ಧರ್ಮಪತ್ನೀಸಮೇತಸ್ಯ" ಎಂಬ ಮಾತು ಬಂತು. ಹೆಂಡತಿ ಹೋದವರು ಆ ಮಾತನ್ನು ಬಿಟ್ಟು ಹೇಳಬೇಕು. ನಾನು ಒಂಬತ್ತು ದಿನ ಆ ರೆಕಾರ್ಡು ಕೇಳಿದವಳು, ವರ್ಷ ಹಿಡಿದೆ, ಇದನ್ನು ಹಿಡಿಯಲಿಲ್ಲ. ಅಪ್ಪ ಬಲಗೈ ಚಾಚಿ ನನ್ನತ್ತ ನೋಡಿ, "ಯಮುನಾ, ನೀರು ಹಾಕು" ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಅಪ್ಪಾ, ನಾ ಹರಿ."

"ಚೇಷ್ಟಿ ಸಾಕು. ಹೊತ್ತು ಮೀರಲಿಕ್ಕತ್ತದ. ಹಾಕು."

ಉದ್ಧರಣೆಯಿಂದ ಒಂದು ಚಮಚ ನೀರು ಅವರ ಅಂಗೈಗೆ ಹಾಕಿದೆ. ಹೆಂಡತಿ ಕೂರುವ ಜಾಗದಲ್ಲಿ ಮಗಳು ಕೂತು. ಅರ್ಧ ನೀರು ಚಾಪೆಯ ಮೇಲೆ ಬಿತ್ತು. ಆಮೇಲೆ ಅವರು ಎದ್ದು, ಅವ್ವನ ಜೊತೆ ಮಾತಾಡುತ್ತಿದ್ದಂತೆ ನನ್ನ ಜೊತೆ ಮಾತಾಡಿದರು. ಆ ದನಿ ನಾನು ಸಣ್ಣವಳಿದ್ದಾಗ ಬಾಗಿಲ ಹಿಂದೆ ನಿಂತು ಕೇಳಿದ್ದೆ. ನನ್ನ ಕಡೆ ತಿರುಗಿದಾಗ ಆ ದನಿ ಎಷ್ಟು ಹೆದರಿಕೆ ಹುಟ್ಟಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನನ್ನ ಯಜಮಾನರು, ಅನಿಕೇತ, ತಮ್ಮ ಔಷಧದಂಗಡಿಯಿಂದ ಊಟಕ್ಕೆ ಬಂದರು. ಅಪ್ಪ ದಾರಿಗೆ ಅಡ್ಡ ನಿಂತರು. "ಇಂವ ಯಾರು? ನಾ ಮನ್ಯಾಗ ಇಲ್ಲದಾಗ ಇಂವ ಯಾಕ ಬರ್ತಾನ ಯಮುನಾ?" ತಂಬಿಗೆ ಅವರ ಕೈಯಲ್ಲೇ ಇತ್ತು. ಅನಿಕೇತ ತಲೆ ತಗ್ಗಿಸದಿದ್ದರೆ ಏನಾಗುತ್ತಿತ್ತೋ. ಬಾಗಿಲ ಚೌಕಟ್ಟಿಗೆ ಬಡಿದ ಗುರುತು ಬಿದ್ದಿದೆ. ಸಮೀರನ ಹಣೆಯ ಪಟ್ಟಿ ನನ್ನ ಕಣ್ಣ ಮುಂದೆ ಬಂತು.

"ಮಾವನವರು ನನ್ನ" ಎಂದು ಬರೆದು ಹೊಡೆದು ಹಾಕಿದ್ದೆಯಲ್ಲ, ಆ ಸಾಲನ್ನು ಈಗ ಪೂರ್ತಿ ಓದಿದೆ.

ಎಷ್ಟು ದಿನದಿಂದ, ಶರ್ವರಿ?

ಹರಿ


ಬೈಲಹೊಂಗಲ
೨೪ ಡಿಸೆಂಬರ್ ೨೦೨೫

ಅಕ್ಕಾ,

ಮೂರು ವರ್ಷದಿಂದ.

ಅತ್ತೆಯವರ ಹಸಿರು ಇಳಕಲ್ ಸೀರೆಯನ್ನು ಆಸೆಪಟ್ಟು ಒಂದು ಪಂಚಮಿಗೆ ಉಟ್ಟೆ. ಅವತ್ತು ಮೊದಲ ಸಲ ಆ ಹೆಸರಿನಿಂದ ಕರೆದರು. ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಆಮೇಲೆ ಸೀರೆ ಬದಲಾಯಿಸಿದರೂ ಹೆಸರು ಬದಲಾಗಲಿಲ್ಲ. ಅದಕ್ಕೇ ಸೀರೆಗಳನ್ನೆಲ್ಲ ಬೀರವ್ವನಿಗೆ ಕೊಟ್ಟದ್ದು. ಅವುಗಳಿಗೆ ನುಸಿ ಹತ್ತಿರಲಿಲ್ಲ. ಸುಳ್ಳು ಬರೆದೆ, ಕ್ಷಮಿಸಿ.

ಒಂದು ಮಾತು ನೀವು ನಂಬಬೇಕು. ಮಾವನವರು ತಪ್ಪು ಮಾಡಿದವರಲ್ಲ. ಗಂಡ ಹೆಂಡತಿಯನ್ನು ಕರೆದರೆ ಅದರಲ್ಲಿ ಏನು ತಪ್ಪು? ಮಧ್ಯಾಹ್ನ ನನ್ನ ಹೊಲಿಗೆಯ ಕೋಣೆಯ ಹೊಸ್ತಿಲಲ್ಲಿ ಕೂತು, ಯಾರ ಮನೆಯ ಲಗ್ನದಲ್ಲಿ ಹೋಳಿಗೆ ಸೀದಿತ್ತು, ಯಾವ ಮದುಮಗ ಮಂತ್ರ ಹೇಳಲು ಬಾರದೆ ಬೆವರಿದ ಎಂದೆಲ್ಲ ಹೇಳುತ್ತಿದ್ದರು. ಅತ್ತೆಯವರು ಪುಣ್ಯವಂತರು ಅಕ್ಕಾ, ಅವರಿಗೆ ಹೀಗೆ ಮಾತಾಡುವ ಗಂಡ ಸಿಕ್ಕಿದ್ದರು. ಆದರೆ ಆ ಹೆಂಡತಿ ನಾನಲ್ಲ. "ಕೈ ಯಾಕ ಕೊಡೂದಿಲ್ಲ, ಸಿಟ್ಟೇನು?" ಎಂದು ಕೈ ಹಿಡಿಯಲು ಬಂದ ದಿನದಿಂದ ಚಿಲಕ ಹಾಕಿಕೊಂಡೆ. ಪೂಜೆಯ ಹೊತ್ತಿಗೆ ಮಾತ್ರ ಹೊರಗೆ ಬಂದು ಅವರ ಅಂಗೈಗೆ ನೀರು ಹಾಕುತ್ತಿದ್ದೆ. ಬಟ್ಟೆ ಹೊಲಿಸಲು ಬಂದವರ ಎದುರು ಕರೆದರೆ ಏನು ಗತಿ ಎಂದು ಯಂತ್ರ ಜೋರಾಗಿ ತುಳಿಯುತ್ತಿದ್ದೆ. ಬೀಗ ಹಾಕಿದ್ದು ಅವರಿಗಲ್ಲ, ನನಗೆ ನಾನೇ.

ಇವರಿಗೆ ಗೊತ್ತಾದದ್ದು ಹಣೆ ಒಡೆದ ದಿನ ಅಲ್ಲ, ಅದಕ್ಕೂ ಎರಡು ವರ್ಷ ಮೊದಲು. ಅಪ್ಪ ನನ್ನನ್ನು ಅವ್ವನ ಹೆಸರಿಟ್ಟು ಕರೆಯುವುದನ್ನು ಕೇಳಿಸಿಕೊಂಡು ಇವರು ಊಟ ಬಿಟ್ಟು ಎದ್ದರು. ಅಂದಿನಿಂದ ಡಿಪೋದಲ್ಲಿ ಎರಡೆರಡು ಪಾಳಿ. "ನಿನ್ನ ನೋಡಿದ್ರ ಆ ಹೆಸರು ಕೇಳಸ್ತದ" ಎಂದರು ಒಮ್ಮೆ. ಎರಡು ವರ್ಷವಾಯಿತು, ಇವರು ನನ್ನ ಹೆಸರು ಹಿಡಿದು ಕರೆದಿಲ್ಲ. "ಏ", "ಕೇಳಿಲ್ಲೆ", ಅಷ್ಟೇ. ಅಪ್ಪನ ನಾಲಿಗೆಯಲ್ಲಿ ನನ್ನ ಹೆಸರಿಲ್ಲ, ಮಗನ ನಾಲಿಗೆಯಲ್ಲೂ ಇಲ್ಲ. ನನಗೆ ಹೆಸರಿದೆ ಎಂಬುದು ನಿಮ್ಮ ಬೈಗುಳದ ಕಾಗದಗಳ ಮೇಲಿನ ವಿಳಾಸದಿಂದ ತಿಳಿಯುತ್ತಿತ್ತು.

"ಅಕ್ಕಗ ಹೇಳಬ್ಯಾಡ, ಅಪ್ಪನ ಮರ್ಯಾದಿ ಹೋಗ್ತದ" ಎಂದು ಆಣೆ ಹಾಕಿಸಿದ್ದರು. ಹೌದು, ಆ ಲಕೋಟೆಯಲ್ಲಿ ಒಂದು ಹಾಳೆ ಇಟ್ಟು ತೆಗೆದದ್ದು ನಿಜ.

ನಿರ್ಧಾರ ನಿಮಗೇ ಬಿಟ್ಟಿದ್ದೇನೆ. ವಾಪಸು ಕಳಿಸಿದರೂ ಬಾಗಿಲು ತೆರೆದೇ ಇರುತ್ತದೆ. ಆದರೆ ಅಕ್ಕಾ, ನನಗೆ ದಣಿವಾಗಿದೆ.

ಶರ್ವರಿ


ರಾಮದುರ್ಗ
೪ ಜನವರಿ ೨೦೨೬

ಪ್ರೀತಿಯ ಶರ್ವರಿಗೆ,

ಫಾರ್ಮಿಗೆ ಸಹಿ ಮಾಡಿದ್ದೇನೆ. ಅದರ ಮೇಲೆ ಚಹಾದ ಬಟ್ಟಲಿನ ನಾಲ್ಕು ಗುರುತು ಬಿದ್ದಿವೆ. ಹೊಸದು ಕೇಳಬೇಡ, ಅದನ್ನೇ ಕೊಡು. ನನ್ನ ಸೊಕ್ಕಿನ ಗುರುತು ಅವರ ಕಡತದಲ್ಲೂ ಇರಲಿ.

ನಿನ್ನ ಕ್ಷಮೆ ಕೇಳಲು ನನಗೆ ಮು‍ಖವಿಲ್ಲ, ಆದರೂ ಕೇಳುತ್ತೇನೆ. ನಾನು ಹತ್ತೊಂಬತ್ತು ದಿನಕ್ಕೆ ಸೋತೆ. ನಾನು ಅವರ ರಕ್ತ, ನನ್ನ ಮುಖ ಅವ್ವನ ಮುಖ. ನೀನು ಹೊರಗಿನಿಂದ ಬಂದವಳು, ಅವಳನ್ನು ನೋಡಿಯೇ ಇಲ್ಲದವಳು, ಮೂರು ವರ್ಷ ಒಂದು ಚಮಚ ನೀರನ್ನು ಹೇಗೆ ಹಾಕಿದೆಯೋ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಸಂಶಯವನ್ನು ನಿನ್ನಿಂದ ತೆಗೆದು ಈಗ ಕಿತ್ತೂರಿನ ಕಡೆ ತಿರುಗಿಸಿದ್ದೇನೆ. ಮೊನ್ನೆ ಯಾರಿಗೂ ಹೇಳದೆ ಹೋಗಿ ಬಂದೆ. ಹಾಸಿಗೆ ಮೂಸಿ ನೋಡಿದೆ. ಮುದುಕರ ಉಗುರು ನೋಡಿದೆ. ಅಡಿಗೆಮನೆಯಲ್ಲಿ ಸಾರಿನ ಪಾತ್ರೆಯ ಮುಚ್ಚಳ ತೆಗೆದೆ. ಚನ್ನವ್ವ ಎಂಬ ಆಯಾ ಸುಮ್ಮನೆ ನನ್ನ ಹಿಂದೆ ಹಿಂದೆಯೇ ಬಂದು, "ಇನ್ನ ಹಿತ್ತಲ ಉಳದೈತ್ರಿ, ತೋರಸ್ಲೇನು?" ಅಂದಳು. ಐವತ್ತರ ಹೆಂಗಸು, ಹಣೆಗೆ ವಿಭೂತಿ, ಗಂಡ ಇಲ್ಲ. ಎಲ್ಲ ನೋಡಿ ಮುಗಿದ ಮೇಲೆ ಅವಳು ಕೇಳಿದಳು: "ಆಚಾರ್ರಿಗೆ ನಮ್ಮ ಕೈಯಾನ ನೀರು ನಡೀತೈತೇನ್ರಿ?"

ಸಂಕ್ರಾಂತಿ ಮುಗಿಸಿ ಹದಿನೆಂಟಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಎರಡು ವಾರ ಬಿಟ್ಟು ಹೋಗು, ಹೇಳದೆ ಹೋಗು. ಇದರೊಳಗಿನ ಚೀಟಿ ಚನ್ನವ್ವನಿಗಾಗಿ ಬರೆದದ್ದರ ನಕಲು. ಓದಿ ನೋಡು, ಏನಾದರೂ ಬಿಟ್ಟಿದ್ದೇನೆಯೋ ಎಂದು ನೀನೇ ಹೇಳಬೇಕು.

"ಅವರು ಬಹುಧಾನ್ಯ ಅಂದರೆ ತಿದ್ದಬೇಡಿ. ಮಾಲೆ ಹಾಕಿದ ಯಾವ ಫೋಟೋವನ್ನೂ ತೋರಿಸಬೇಡಿ. ಗಂಡಸರು ಕೋಣೆಗೆ ಬರುವಾಗ, ಪಂಚಾಂಗ ಕೇಳಲು ಬಂದವರು ಎಂದು ಮೊದಲೇ ಹೇಳಿ, ಸಿಟ್ಟಾಗುವುದಿಲ್ಲ. ಪೂಜೆಗೆ ಕೂತು ಬಲಗೈ ಚಾಚಿದರೆ, ಯಾವ ಹೆಸರಿನಿಂದ ಕರೆದರೂ ಸರಿ, ಒಂದು ಉದ್ಧರಣೆ ನೀರು ಹಾಕಿ. ಅಷ್ಟು ಸಾಕು."

ನಿನ್ನ
ಹರಿ ಅಕ್ಕ


ಬೈಲಹೊಂಗಲ
೧ ಫೆಬ್ರವರಿ ೨೦೨೬

ಹರಿ ಅಕ್ಕಾ,

ನೀವು ಹೇಳಿದಂತೆ ಹೇಳದೆ ಹೋದೆವು, ಇವತ್ತು ಬೆಳಿಗ್ಗೆ. ಇವರು ಗೇಟಿನ ತನಕ ಬಂದರು. ಒಳಗೆ ಬಂದರೆ ಅಪ್ಪ ಮತ್ತೆ ಪರಪುರುಷ ಅಂದುಕೊಂಡಾರು ಎಂದು ಎದುರಿನ ಬಸ್ ಸ್ಟಾಪಿನಲ್ಲೇ ನಿಂತರು. ನಾನು ಮೊದಲು ಹಾಸಿಗೆ ಮೂಸಿದೆ. ಸೋಪಿನ ವಾಸನೆ ಇತ್ತು. ಉಗುರು ಕತ್ತರಿಸಿದ್ದಾರೆ.

ಮಾವನವರು ಪೂಜೆಗೆ ಕೂತಿದ್ದರು. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಧರ್ಮಪತ್ನೀ ಎಂಬ ಮಾತು ಬಂದಾಗ ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು, ಮೂರು ವರ್ಷದ ರೂಢಿ. ಅವರು ಕೈ ಚಾಚಿದ್ದು ಚನ್ನವ್ವನ ಕಡೆ. "ಯಮುನಾ, ನೀರು." ಚನ್ನವ್ವ ಸೆರಗು ಸಿಕ್ಕಿಸಿಕೊಂಡು ಒಂದು ಚಮಚ ಹಾಕಿದಳು. ಕಂಡವರ ಮನೆಯ ನೀರು ಮುಟ್ಟದ ಮನುಷ್ಯ ಕಣ್ಣು ಮುಚ್ಚಿ ಆ ನೀರನ್ನು ದೇವರಿಗೆ ಬಿಟ್ಟರು.

ಆಮೇಲೆ ನನ್ನನ್ನು ನೋಡಿದರು. "ನೀ ಯಾರ ಪೈಕಿ ತಂಗೀ?"

"ಸಮೀರನ ಹೆಂಡತಿ" ಅಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಮೀರಗ ಇನ್ನೂ ಮುಂಜಿವೀನ ಆಗಿಲ್ಲ, ಲಗ್ನ ಯಾವಾಗ ಆತವಾ?"

ನಾನೂ ನಕ್ಕೆ. ಯಾವ ಹೆಸರು ಕೇಳಿದರೆ ಓಡಿಹೋಗಬೇಕು ಅನಿಸುತ್ತಿತ್ತೋ, ಅದು ನನ್ನನ್ನು ಬಿಟ್ಟಿತು. ಸಂತೋಷವಾಗಬೇಕಾಗಿತ್ತು. ನಿಮ್ಮ ಹತ್ತಿರ ಇನ್ನು ಸುಳ್ಳು ಬರೆಯುವುದಿಲ್ಲ ಅಕ್ಕಾ, ಬಹಳ ಸಂಕಟವಾಯಿತು. ಎಂಟು ವರ್ಷ ಅವರಿಗೆ ಅನ್ನ ಹಾಕಿದ ಶರ್ವರಿ ಅವರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಹೊರಡಲು ಎದ್ದಾಗ ಅವರು ಹಿಂದಿನಿಂದ ಹೇಳಿದರು: "ಯಮುನಾ, ಮುತ್ತೈದಿ ಬಂದಾಳ, ಹಂಗ ಕಳಸ್ತಾರೇನು? ಕುಂಕುಮ ಹಚ್ಚು." ಚನ್ನವ್ವನ ಮುಖ ಸಣ್ಣದಾಯಿತು. ನನ್ನ ಕಿವಿಯ ಹತ್ತಿರ ಬಂದು, "ನಾ ಹಚ್ಚಬಾರ್ದ್ರಿ ಯವ್ವಾ. ನಮ್ಮವರು ಹೋಗಿ ಹನ್ನೊಂದ ವರ್ಷಾತು, ಕುಂಕುಮದ ಭರಣಿ ಮುಟ್ಟಿಲ್ಲ" ಅಂದಳು. ಮಾವನವರು ಕಾಯುತ್ತಿದ್ದರು. ನಾನು ಪೂಜೆಯ ಪೆಟ್ಟಿಗೆಯಿಂದ ಭರಣಿ ತೆಗೆದು ಅವಳ ಕೈಯಲ್ಲಿಟ್ಟು, ಹಣೆ ಮುಂದೆ ಮಾಡಿದೆ. ಕುಂಕುಮ ಸ್ವಲ್ಪ ಓರೆಯಾಗಿ, ದೊಡ್ಡದಾಗಿ ಬಿತ್ತು.

ಬಸ್ ಸ್ಟಾಪಿಗೆ ಬಂದೆ. ಇವರು ನನ್ನ ಹಣೆ ನೋಡಿ, "ಯಾರು ಹಚ್ಚಿದ್ರು?" ಎಂದರು.

"ಅತ್ತಿ ಹಚ್ಚಿ ಕಳಿಸ್ಯಾರ" ಅಂದೆ.

ಹಣೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕಣ್ಣು ಒರೆಸಿಕೊಂಡು ಅಂದರು:

"ನಡಿ ಶರ್ವರಿ, ಬಸ್ ಬಂತು."